ಕರಿಪರಸಿಯ ಭಟ್ಟಿ

ಭೂಮಿಯ ಅಡುಗೆ ಬಹಳ ನಿಧಾನದ್ದು. ಹಳೆಯ ಸಮುದ್ರದ ತಳದಲ್ಲಿ ಪಾಚಿ ಸತ್ತು ಬೀಳುತ್ತದೆ, ಅದರ ಮೇಲೆ ಕೆಸರು ಕೂರುತ್ತದೆ, ಕೆಸರು ಒತ್ತಿ ಒತ್ತಿ ಶೇಲ್ ಎಂಬ ಪದರಗಲ್ಲಾಗುತ್ತದೆ. ಕಲ್ಲಿನೊಳಗೆ ಸಿಕ್ಕಿಕೊಂಡ ಪಾಚಿಯ ಅಂಶಕ್ಕೆ ಕೆರೋಜನ್ ಎಂದು ಹೆಸರು. ನೆಲದಾಳದ ಹದವಾದ ಕಾವಿನಲ್ಲಿ ಅದು ಕೋಟಿಗಟ್ಟಲೆ ವರ್ಷ ಬೆಂದರೆ ಪೆಟ್ರೋಲಿಯಂ ಆಗುತ್ತದೆ. ಕಾವು ಸಾಲದಿದ್ದರೆ ಹಸಿಯಾಗಿ ಉಳಿಯುತ್ತದೆ, ಹೆಚ್ಚಾದರೆ ಸೀದು ಮಸಿಯಾಗುತ್ತದೆ. ಹಾಗಾದರೆ, ಭೂಮಿ ಅರ್ಧಕ್ಕೆ ಬಿಟ್ಟ ಹಸಿ ಕಲ್ಲನ್ನು ನಾವೇ ಕೂತು ಬೇಯಿಸಿಬಿಟ್ಟರೆ ಹೇಗೆ?

ಈ ಪ್ರಶ್ನೆ ಕೇಳಿದ ಮೊದಲ ಮನುಷ್ಯನನ್ನು ನೋಡಿ ಎಲ್ಲರೂ ನಕ್ಕರಂತೆ. ಹೊರದೇಶದ ತೈಲದ ಹಡಗುಗಳು ಬರುವುದು ನಿಂತ ವರ್ಷ ಆ ನಗುವೂ ನಿಂತಿತು. ಅಷ್ಟು ಹೊತ್ತಿಗೆ ಗಾಡಿಗಳೆಲ್ಲ ಕರೆಂಟಿನ ಮೇಲೆ ಓಡುತ್ತಿದ್ದವು, ಆ ಚಿಂತೆ ಇರಲಿಲ್ಲ. ಆದರೆ ಸಲೈನ್ ಚೀಲ, ಸಿರಿಂಜು, ಅರ್ಧಕ್ಕರ್ಧ ಔಷಧಿ ಎಲ್ಲವೂ ಪೆಟ್ರೋಲಿಯಂನಿಂದಲೇ ಹುಟ್ಟುತ್ತವೆ ಎಂಬುದು ಆಸ್ಪತ್ರೆಗೆ ಹೋಗಿ ಬರಿಗೈಲಿ ಬಂದವರಿಗೆಲ್ಲ ಗೊತ್ತಾಯಿತು. ಆಗ ಬಂದದ್ದು ಪಾಕಗೂಟ. ಉದ್ದುದ್ದದ ಉಕ್ಕಿನ ಗೂಟಗಳನ್ನು ಸಾಲಾಗಿ ನೆಲದೊಳಕ್ಕೆ ಇಳಿಸಿ, ಬಿಸಿಲಿನಿಂದ ಮಾಡಿದ ಕರೆಂಟು ಹರಿಸಿ, ಶೇಲ್ ಪದರವನ್ನು ಮೂರು ವರ್ಷ ಕಾಯಿಸುವುದು. ಕೆರೋಜನ್ ಬೆಂದು, ತೈಲವಾಗಿ ಕೊಳವೆಯಲ್ಲಿ ಮೇಲೆ ಬರುತ್ತದೆ. ಸರ್ಕಾರಿ ಕಾಗದದಲ್ಲಿ ಇದರ ಹೆಸರು 'ಸ್ವಸ್ಥಾನ ಪರಿಪಾಕ ಯೋಜನೆ'. ಕಲಬುರಗಿ ಸೀಮೆಯ ಜನ ಇದನ್ನು ಭಟ್ಟಿ ಎಂದರು. ಆ ಹೆಸರೇ ನಿಂತಿತು.

ಮೊದಲ ಭಟ್ಟಿ ಹೊತ್ತಿದ್ದು ಬೋಳೆವಾಡದಲ್ಲಿ. ತೈಲ ಬಂತು, ಅದರ ಬೆನ್ನಿಗೆ ಔಷಧಿ ಕಾರ್ಖಾನೆಯೂ ಬಂತು. ಜೊತೆಗೆ ಕಾವೂ ಮೇಲೆ ಬಂತು. ಬಾವಿಯ ನೀರು ಬಿಸಿಯಾಯಿತು. ಸೇದಿದ ನೀರನ್ನು ಕೊಡದಲ್ಲಿ ಆರಿಸಿಟ್ಟು ಮರುದಿನ ಕುಡಿಯುವುದು ಅಲ್ಲಿಯ ರೂಢಿಯಾಯಿತು. ಹೆಂಗಸರು ಮಳೆಗಾಲದಲ್ಲೂ ಪಡಸಾಲೆಯ ನೆಲದ ಮೇಲೆ ಸಂಡಿಗೆ ಒಣಗಿಸಿದರು. ಮಕ್ಕಳು ಬರಿಗಾಲಲ್ಲಿ ನಿಲ್ಲುವುದನ್ನು ಮರೆತರು. ತೊಗರಿ ಬೇರು ಹಿಡಿಯಲಿಲ್ಲ. ಒಮ್ಮೆ ಕಾದ ನೆಲ ನಾಲ್ಕೈದು ತಲೆಮಾರು ಆರುವುದಿಲ್ಲವೆಂದು ತಿಳಿದವರು ಹೇಳಿದರು. ಬೋಳೆವಾಡದವರು ಅದಕ್ಕೂ ಒಗ್ಗಿಕೊಂಡರು, ಏಕೆಂದರೆ ತೈಲ ಬರುತ್ತಿತ್ತು, ಕೈಗೆ ಕೆಲಸವಿತ್ತು.

ಬೋಳೆವಾಡವನ್ನು ನೋಡಿ ಸರ್ಕಾರ ಎರಡು ಕಾನೂನು ಮಾಡಿತು. ಭೂರಸಾಯನ ಪ್ರಯೋಗಾಲಯ ಕಲ್ಲನ್ನು ಪರೀಕ್ಷಿಸಿ ಪಾಸು ಮಾಡದ ಹೊರತು ಎಲ್ಲಿಯೂ ಗೂಟ ಇಳಿಸುವಂತಿಲ್ಲ ಎಂಬುದು ಮೊದಲನೆಯದು. ಭಟ್ಟಿ ಹೊತ್ತಿಸುವ ಅಧಿಕಾರ ಹೊರಗಿನವರಿಗಿಲ್ಲ, ಆ ಊರಿನಲ್ಲೇ ಹುಟ್ಟಿ ತರಬೇತಿ ಪಡೆದ ಒಬ್ಬ ನಿರ್ವಾಹಕ ಕಂಟ್ರೋಲ್ ರೂಮಿನಲ್ಲಿ ಕೂತು ತನ್ನ ಬಾಯಿಂದ 'ಹೂಂ' ಎನ್ನಬೇಕು ಎಂಬುದು ಇನ್ನೊಂದು. ಸುಡುವ ನೆಲ ನಿಮ್ಮದು, ಹೂಂ ಎನ್ನುವ ಬಾಯಿಯೂ ನಿಮ್ಮದೇ ಇರಲಿ ಎಂಬ ಜಾಣತನ ಅದರಲ್ಲಿತ್ತು. ನಾಳೆ ಬಯ್ಯುವುದಾದರೆ ತಮ್ಮವನನ್ನೇ ಬಯ್ದುಕೊಳ್ಳಲಿ!

ಕರಿಪರಸಿಯ ವಿಷಯದಲ್ಲಿ ಈ ಎರಡು ಕಾನೂನೂ ಒಂದೇ ಮನೆಗೆ ಬಂದು ಬಿದ್ದವು. ಕಲ್ಲು ಪರೀಕ್ಷಿಸುವ ಕಲಬುರಗಿ ಪ್ರಯೋಗಾಲಯದ ಮುಖ್ಯಸ್ಥೆ ಡಾ. ಜಗದೇವಿ ಕಟ್ಟಿಮನಿ ಆ ಊರಿನ ಮಗಳು. ಹೂಂ ಎನ್ನಲು ನೇಮಕವಾದ ಚಂದ್ರಶಾ ಅವಳ ಬೆನ್ನಿಗೆ ಬಿದ್ದ ತಮ್ಮ.

ಕರಿಪರಸಿ ಕಲ್ಲಿನ ಊರು. ಅಲ್ಲಿಯ ಗಣಿಯಿಂದ ಎಬ್ಬಿಸಿದ, ನೆಲಕ್ಕೆ ಹಾಸುವ ಪರಸಿಕಲ್ಲಿನ ಮೇಲೆ ಒಂದು ಕಾಲಕ್ಕೆ ಅರ್ಧ ದೇಶ ಓಡಾಡುತ್ತಿತ್ತು. ಬೇಕಾದ ಬಣ್ಣಕ್ಕೆ, ಬೇಕಾದ ಚಿತ್ತಾರಕ್ಕೆ ನೆಲವನ್ನೇ ಮುದ್ರಿಸಿಕೊಡುವ ಯಂತ್ರ ಬಂದ ಮೇಲೆ ಕಲ್ಲು ಕೇಳುವವರಿಲ್ಲ. ಉಳಿಗಳು ಗೋಡೆಗೆ ತೂಗಿದವು. ಒಂದೇ ಏಟಿಗೆ ಕಲ್ಲನ್ನು ಪದರದುದ್ದಕ್ಕೂ ಸೀಳುತ್ತಿದ್ದ ಚಂದ್ರಶಾ ಕೈಕಟ್ಟಿ ಕೂತ. ಭಟ್ಟಿಯ ಸುದ್ದಿ ಬಂದಾಗ ಊರಿನವರು ಗಾಡಿ ಮಾಡಿಕೊಂಡು ಬೋಳೆವಾಡಕ್ಕೆ ಹೋಗಿ, ಬಿಸಿ ನೆಲದ ಮೇಲೆ ನಿಂತು, ಬಿಸಿ ನೀರು ಕುಡಿದು, ಎಲ್ಲ ನೋಡಿ ಬಂದೇ ಒಪ್ಪಿಗೆ ಕೊಟ್ಟರು. ಯಾರೂ ಅವರಿಗೆ ಮೋಸ ಮಾಡಲಿಲ್ಲ. ಚಂದ್ರಶಾ ನಿರ್ವಾಹಕನ ತರಬೇತಿಗೆ ಹೋಗಿ ಮೊದಲನೆಯವನಾಗಿ ಪಾಸಾದ. ಅವನಿಗೆ ನೀಲಿ ಅಂಗಿ ಬಂತು. ಅದನ್ನು ತೊಟ್ಟುಕೊಂಡು ಅವನು ಹಾಲಿನವನ ಹತ್ತಿರವೂ ಹೋಗುತ್ತಿದ್ದ.

ಇನ್ನು ಪರೀಕ್ಷೆಯ ಮಾತು. ಕಲ್ಲೊಂದು ತೈಲದ ಮೂಲಶಿಲೆ ಹೌದೋ ಅಲ್ಲವೋ ಎಂದು ತಿಳಿಯಲು ಮೂರು ಪ್ರಶ್ನೆ ಕೇಳಬೇಕು. ಪಾತ್ರೆಯಲ್ಲಿ ಅಕ್ಕಿ ಎಷ್ಟಿದೆ, ಎಂಥ ಅಕ್ಕಿ, ಎಷ್ಟು ಬೆಂದಿದೆ? ಭೂರಸಾಯನದವರು ಇದನ್ನೇ ಇಂಗಾಲ ಎಷ್ಟು, ಅದಕ್ಕಂಟಿದ ಹೈಡ್ರೋಜನ್ ಎಷ್ಟು, ಪಾಕ ಎಲ್ಲಿಗೆ ಬಂದಿದೆ ಎಂದು ಕೇಳುತ್ತಾರೆ. ಕಲ್ಲಿನ ಪುಡಿಯನ್ನು ಗಾಳಿಯಾಡದ ಪುಟ್ಟ ಒಲೆಯಲ್ಲಿಟ್ಟು ಮೆಲ್ಲಗೆ ಕಾಯಿಸಿದರೆ ಪರದೆಯ ಮೇಲೆ ಎರಡು ದಿಬ್ಬ ಏಳುತ್ತವೆ. ಮೊದಲ ದಿಬ್ಬ, ಕಲ್ಲಿನಲ್ಲಿ ಆಗಲೇ ಇರುವ ತೈಲದ್ದು. ಎರಡನೆಯದು, ಬೇಯಿಸಿದರೆ ಬರಬಹುದಾದ ತೈಲದ್ದು. ಭಟ್ಟಿಯವರಿಗೆ ಬೇಕಾದದ್ದು ಈ ಎರಡನೆಯ ದಿಬ್ಬ. ಅದು ಎತ್ತರವಿದ್ದರೆ ಕಲ್ಲು ಸಿರಿವಂತ. ಕಡಿಮೆ ಕಾವಿಗೇ ಎದ್ದರೆ ಕಲ್ಲು ಇನ್ನೂ ಹಸಿ.

ಕರಿಪರಸಿಯ ಕೊಳವೆ ತೋಡಿದಾಗ ಬಂದ ಕಲ್ಲಿನ ದುಂಡು ತುಂಡುಗಳು, ಕೋರ್ ಎನ್ನುತ್ತಾರೆ ಅವಕ್ಕೆ, ತೋಳಿನಷ್ಟು ದಪ್ಪ, ಕಪ್ಪಗೆ ಮಿರಿಮಿರಿ ಮಿಂಚುತ್ತಿದ್ದವು. ಅವುಗಳ ಎರಡನೆಯ ದಿಬ್ಬ ಪರದೆಯ ನೆತ್ತಿಗೆ ತಾಗಿತು. ಅದೂ ಕಡಿಮೆ ಕಾವಿಗೆ. ಎಂಬತ್ತು ಕೋಟಿ ವರ್ಷದ ಕಲ್ಲು ಇನ್ನೂ ಹಸಿಯಾಗಿ, ತುಂಬು ಸಿರಿಯಾಗಿ ಕೂತಿದೆ! ಜಗದೇವಿ ಪಾಸು ಎಂದು ಸಹಿ ಹಾಕಿದಳು. ಗೂಟಗಳು ಇಳಿದವು. ಸೋಮವಾರ ಬೆಳಿಗ್ಗೆ ಭಟ್ಟಿ ಹೊತ್ತಿಸುವುದೆಂದು ಗೊತ್ತಾಯಿತು. ಮಂತ್ರಿಗಳು ಬರುವವರಿದ್ದರು.

ಆ ಸಮಾರಂಭದಲ್ಲಿ ಜನರಿಗೆ ತೋರಿಸೋಣವೆಂದು ಜಗದೇವಿ ಗುರುವಾರ ಮಧ್ಯಾಹ್ನ ಆ ದಿಬ್ಬಗಳ ನಕ್ಷೆಯನ್ನು ಗೋಡೆಯಷ್ಟು ದೊಡ್ಡದು ಮಾಡಿ ನೋಡಿದಳು. ಎರಡನೆಯ ದಿಬ್ಬಕ್ಕೆ ಎಡಭುಜ ಸ್ವಲ್ಪ ಜೋತಿತ್ತು. ಪಾಚಿಯಿಂದಾದ ಕೆರೋಜನ್ ಹಾಗೆ ಜೋಲುವುದಿಲ್ಲ. ಬೇರೆ ಯಾರಾದರೂ ಆಗಿದ್ದರೆ ತಪ್ಪನ್ನು ಯಂತ್ರದ ಮೇಲೆ ಹಾಕಿ ಊಟಕ್ಕೆ ಎದ್ದು ಹೋಗುತ್ತಿದ್ದರು. ಜಗದೇವಿಗೆ ತನ್ನ ಯಂತ್ರದ ಮೇಲೂ ತನ್ನ ಕಣ್ಣಿನ ಮೇಲೂ ಸಮಾನ ನಂಬಿಕೆ. ಎರಡೂ ಸರಿಯಿದ್ದರೆ ಕಲ್ಲಿನಲ್ಲೇ ಏನೋ ಇದೆ ಎಂದುಕೊಂಡಳು. ಅದೇ ಪುಡಿಯನ್ನು ದ್ರಾವಣದಲ್ಲಿ ನೆನೆಸಿ, ಸಾರ ತೆಗೆದು, ಅಣುಗಳನ್ನು ಬಿಡಿಬಿಡಿಯಾಗಿ ಗುರುತಿಸುವ ಯಂತ್ರಕ್ಕೆ ಹಾಕಿದಳು.

ಸಂಜೆಯ ಹೊತ್ತಿಗೆ ಯಂತ್ರ ಹೆಸರು ಹೇಳಿತು. ಬೀಜದ ಎಣ್ಣೆಗಳಲ್ಲಿರುವ ಲಿನೋಲಿಕ್ ಆಮ್ಲ, ಅದೂ ರಾಶಿರಾಶಿ. ಜೊತೆಗೆ ಬೀಜದ ಗಿಡಗಳಲ್ಲಿ ಇರುವಂಥ ಸ್ಟೆರಾಲ್. ಎರಡೂ ತಾಜಾ.

ಈ ಕಲ್ಲು ಕೆಸರಾಗಿದ್ದ ಕಾಲದಲ್ಲಿ ನೆಲದ ಮೇಲೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಗಿಡ ಎಂಬುದು ಹುಟ್ಟಲು ಇನ್ನೂ ಮೂವತ್ತು ಕೋಟಿ ವರ್ಷ ಬಾಕಿ ಇತ್ತು. ಹಾಗಿರುವಾಗ ಬೀಜದ ಎಣ್ಣೆ ಎಲ್ಲಿಂದ ಬರಬೇಕು? ಲಿನೋಲಿಕ್ ಈ ಪ್ರಮಾಣದಲ್ಲಿ ಇರುವ ಎಣ್ಣೆ ಯಾವುದೆಂದು ಜಗದೇವಿ ಪುಸ್ತಕ ನೋಡಬೇಕಿರಲಿಲ್ಲ. ಅವಳು ಅದನ್ನು ತಿಂದು ಬೆಳೆದವಳು. ಕುಸುಬಿ ಎಣ್ಣೆ.

ಅವಳಿಗೆ ಮೊದಲು ನಗು ಬಂತು. ಖಾಲಿ ಪ್ರಯೋಗಾಲಯದಲ್ಲಿ ಒಬ್ಬಳೇ ಗಟ್ಟಿಯಾಗಿ ನಕ್ಕಳು. ಕರಿಪರಸಿಯಲ್ಲಿ ಗಣಿಯ ಹೊಸ ಪದರ ತೆರೆದಾಗ ಹೊರಬಂದ ಕಲ್ಲಿಗೆ ಕುಸುಬಿ ಎಣ್ಣೆ ತಿಕ್ಕುತ್ತಾರೆ. ತಾಯಿಯ ಹೊಟ್ಟೆಯಿಂದ ಬಂದ ಕೂಸಿಗೆ ಎಣ್ಣೆ ಹಚ್ಚುವುದಿಲ್ಲವೇ, ಹಾಗೆ. ಬೆಳಕು ಕಾಣದ ಕಲ್ಲು ಮೊದಲ ಸಲ ಬೆಳಕು ಕಂಡಿದೆ, ಬರಿಮೈಲಿ ಬಿಡಬಾರದು. ಲಂಗ ಉಟ್ಟ ವಯಸ್ಸಿನಲ್ಲಿ ಅವಳೂ ಎರಡೂ ಅಂಗೈಯಿಂದ ತಿಕ್ಕಿದ್ದಳು. ಅಷ್ಟು ಆಳದಿಂದ ಬಂದ ಕೋರನ್ನು ಊರಿನವರು ಒಣದಾಗಿ ಕಲಬುರಗಿಗೆ ಕಳಿಸಿಯಾರೇ? ಕೊಳವೆಯನ್ನು ಬರೀ ನೀರು ಬಳಸಿ ಕೊರೆದದ್ದು, ಆದ್ದರಿಂದ ಕೋರ್ ಶುಭ್ರವಾಗಿಯೇ ಇರುತ್ತದೆ ಎಂದು ಪ್ರಯೋಗಾಲಯ ತೊಳೆಯದೆ ಬಿಟ್ಟಿತ್ತು. ಮಾದರಿ ಕೀಳುವ ಯಂತ್ರ ಕಾಗೆ ಕುಕ್ಕಿದಂತೆ ಮೇಲ್ಮೈಯಿಂದಲೇ ಕುಕ್ಕಿ ತೆಗೆದಿತ್ತು. ಬೇಕೆಂದು ಯಾರೂ ಏನೂ ಮಾಡಿರಲಿಲ್ಲ.

ನಗು ಇಳಿದ ಮೇಲೆ ಅವಳು ಒಂದು ಕೋರನ್ನು ಒಡೆದು, ನಟ್ಟನಡುವಿನ ತಿರುಳು ತೆಗೆದು, ತೊಳೆದು, ಒಲೆಗೆ ಹಾಕಿದಳು. ದಿಬ್ಬವೇ ಇಲ್ಲ. ಇಂಗಾಲ ಬೇಕಾದಷ್ಟಿದೆ, ಅದಕ್ಕೇ ಕಲ್ಲು ಅಷ್ಟು ಕಪ್ಪು. ಆದರೆ ಹೈಡ್ರೋಜನ್ ಎಂದೋ ಮುಗಿದಿದೆ. ಭೂಮಿ ಇಲ್ಲಿ ಅಡುಗೆ ಮಾಡಿ, ಉಂಡು, ಪಾತ್ರೆ ಬೋರಲು ಹಾಕಿ ಎಷ್ಟೋ ಕೋಟಿ ವರ್ಷವಾಗಿದೆ. ಇನ್ನು ಮೂರು ವರ್ಷವಲ್ಲ, ಮುನ್ನೂರು ವರ್ಷ ಕಾಯಿಸಿದರೂ ಬಾವಿ ಬಿಸಿಯಾಗುತ್ತದೆಯೇ ಹೊರತು ಒಂದು ಹನಿ ತೈಲ ಬರುವುದಿಲ್ಲ. ಜಗದೇವಿಗೆ ತಮ್ಮನ ನೀಲಿ ಅಂಗಿ ನೆನಪಾಯಿತು.

ಶುಕ್ರವಾರ ಬೆಳಿಗ್ಗೆ ಯೋಜನೆಯ ನಿರ್ದೇಶಕ ಡಾ. ಶ್ರೀಕಂಠಸ್ವಾಮಿಯವರ ಮುಂದೆ ಎರಡೂ ನಕ್ಷೆ ಇಟ್ಟಳು. ಮೈಸೂರಿನ ಕಡೆಯ ಮನುಷ್ಯ, ಮೃದು ಮಾತಿನವರು. ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

"ಕುಸುಬೆ ಎಣ್ಣೇನಾ?" ಎಂದರು. "ಎಣ್ಣೆ ಬರೋ ಹೊತ್ತಿಗೆ ಕಣ್ಣು ಮುಚ್ಚಿಕೊಂಡ ಹಾಗಾಯ್ತಲ್ಲಮ್ಮ ನಮ್ಮ ಕಥೆ."

"ಇಲ್ಲಿ ಎಣ್ಣೆ ಬರೋದೇ ಇಲ್ಲ ಸರ್. ಪಾಸು ವಾಪಸು ತಗೋತೀನಿ. ತೊಳೆಯದೆ ಹಾಕಿದ್ದು ನನ್ನ ಪ್ರಯೋಗಾಲಯ, ಸಹಿ ನಂದು. ಅದನ್ನೂ ಬರೆದುಕೊಡ್ತೀನಿ."

"ಬರೆದುಕೊಡಿ, ನಾನು ಕಳಿಸ್ತೀನಿ. ಆದರೆ ಒಂದು ಸಲ ಪಾಸಾದ ಕಲ್ಲನ್ನ ಎರಡನೇ ಪ್ರಯೋಗಾಲಯ ನೋಡಿ ಒಪ್ಪೋವರೆಗೂ ಫೇಲ್ ಮಾಡೋ ಹಾಗಿಲ್ಲ. ಅವರು ನೋಡೋಕೆ ಎರಡು ತಿಂಗಳು. ಸೋಮವಾರ ಹೊತ್ತಿಸಿದರೆ ಆ ಎರಡು ತಿಂಗಳಲ್ಲಿ ಊರಿನ ಬಾವಿಗಳೆಲ್ಲ ಮುಗಿದುಹೋಗ್ತವೆ, ಗೊತ್ತು ನನಗೆ."

"ಮುಂದೆ ಹಾಕಿ ಸರ್."

"ಹಾಕೋ ಅಧಿಕಾರ ನನಗಿಲ್ಲ, ಮಂತ್ರಿಗಳಿಗೂ ಇಲ್ಲ. ಕಾನೂನು ಓದಿಲ್ವೇ ನೀವು? ಗೂಟ ಇಳಿದ ಮೇಲೆ ಬೇಡ ಅನ್ನೋಕೆ ಹಕ್ಕಿರೋದು ಒಬ್ಬನಿಗೇ." ಅವರು ಕನ್ನಡಕ ಕೆಳಗಿಳಿಸಿದರು. "ನಿಮ್ಮ ತಮ್ಮನಿಗೆ. ಮತ್ತೆ ಅವನು ಬೇಡ ಅಂದರೆ ಯೋಜನೆ ಅಲ್ಲಿಗೆ ನಿಲ್ಲುತ್ತೆ. ಅವನ ನೌಕರೀನೂ."

"ಗೊತ್ತದ ಸರ್," ಎಂದಳು ಜಗದೇವಿ. ಮನಸ್ಸು ಕಲಕಿದಾಗ ಅವಳಿಗೆ ಊರಿನ ಮಾತೇ ಬಾಯಿಗೆ ಬರುತ್ತಿತ್ತು.

ಶನಿವಾರ ಅವಳು ಹೊಲಿಗೆ ಯಂತ್ರದಷ್ಟು ದೊಡ್ಡ ಪರೀಕ್ಷೆಯ ಒಲೆಯನ್ನೂ ಕೆಲವು ಕೋರುಗಳನ್ನೂ ಗಾಡಿಗೆ ಹಾಕಿಕೊಂಡು ಕರಿಪರಸಿಗೆ ಹೋದಳು. ತಾಯಿ ಶಂಕ್ರಮ್ಮ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಚಂದ್ರಶಾ ಪಡಸಾಲೆಯ ಕನ್ನಡಿಯ ಮುಂದೆ ನಿಂತು ಗಂಭೀರವಾಗಿ "ಹೂಂ" ಎನ್ನುತ್ತಿದ್ದ. ಒಂದು ಸಲ ದಪ್ಪ ದನಿಯಲ್ಲಿ, ಇನ್ನೊಂದು ಸಲ ಸ್ವಲ್ಪ ತೆಳ್ಳಗೆ.

"ನೋಡವ್ವ ನಿನ್ನ ತಮ್ಮನ ಆಟ," ಎಂದು ಶಂಕ್ರಮ್ಮ ಒಳಗಿನಿಂದಲೇ ಕೂಗಿದಳು. "ಎಂಟು ದಿನ ಆತು, ಎಮ್ಮಿ ಒದರಿದಂಗ ಒದರ್ಲತ್ತಾನ. ಅದೇನು ಮಷೀನು ತಂದೀದಿ? ಮೊದಲ ಉಣ್ಣು, ಪುಂಡಿಪಲ್ಯ ಮಾಡೀನಿ."

ಉಣ್ಣುವವರೆಗೆ ಜಗದೇವಿ ಬಾಯಿ ಬಿಡಲಿಲ್ಲ. ಅವ್ವನ ಕೈಯ ರೊಟ್ಟಿಯ ಮುಂದೆ ಕೆಟ್ಟ ಸುದ್ದಿ ಹೇಳುವುದು ಅವಳಿಗೆ ಆಗದ ಕೆಲಸ. ಕೈ ತೊಳೆದ ಮೇಲೆ ಕೇಳಿದಳು:

"ಚಂದ್ರಾ, ಕೋರಿಗೆ ಎಣ್ಣಿ ಹಚ್ಚೀರೇನು?"

"ಹಚ್ಚೀವಿ ಮತ್ತ," ಎಂದ ಅವನು ಎದೆಯುಬ್ಬಿಸಿ. "ಒಂದೂ ಬಿಟ್ಟಿಲ್ಲ. ನಾನೇ ಹಚ್ಚೀನಿ ಎಲ್ಲಾಕ್ಕೂ, ಎರಡೆರಡು ಸಲ. ಅಷ್ಟು ಆಳದಿಂದ ಬಂದಾವ, ಚಲೋತ್ನಾಗಿ ತಿಕ್ಕೀನಿ. ಯಾಕ?"

ಜಗದೇವಿ ಹೇಳಿದಳು. ಸುತ್ತಿ ಬಳಸಿ ಹೇಳುವುದು ಅವಳ ಸ್ವಭಾವವಲ್ಲ. ಎಣ್ಣೆ, ದಿಬ್ಬ, ಒಳಗಿನ ಬೆಂದು ಮುಗಿದ ಕಲ್ಲು, ಕೊನೆಗೆ ಸೋಮವಾರ ಬೇಡ ಎನ್ನಬೇಕಾದವನು ಯಾರು ಎಂಬುದು. ಚಂದ್ರಶಾನ ಮುಖ ಕೆಂಪಾಯಿತು.

"ನಿನ್ನ ಮಷೀನು, ನಿನ್ನ ಕಲ್ಲು, ನೀ ಹೇಳಿದ್ದೇ ಖರೇ. ಮೊನ್ನಿ ಪಾಸು ಅಂದಿ, ಇವತ್ತು ಫೇಲ್ ಅಂತಿ. ನಾಳಿಗಿ ಏನಂತಿ?"

"ನಾಳಿಗೀನೂ ಇದನ್ನೇ ಅಂತೀನಿ. ಮೊನ್ನಿ ಮಷೀನು ಸುಳ್ಳು ಹೇಳಿಲ್ಲ ತಮ್ಮಾ. ಎಣ್ಣಿ ತಿಂದು ಎಣ್ಣಿ ಅದ ಅಂತು. ಅದಕ್ಕೇನು ಗೊತ್ತು ಯಾರ ಎಣ್ಣಿ ಅಂತ?"

"ನಾನು ನಂಬಂಗಿಲ್ಲ."

"ನಂಬಬ್ಯಾಡ. ನೀನೇ ಮಾಡಿ ನೋಡು."

ಚಂದ್ರಶಾ ಅವಳ ಕೋರುಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅಂಗಳಕ್ಕೆ ಹೋಗಿ, ಮೂಲೆಯಲ್ಲಿ ಬಿದ್ದಿದ್ದ ಪರಸಿಕಲ್ಲಿನ ಚೂರೊಂದನ್ನು ತಂದ. ಅದು ಬರೀ ಸುಣ್ಣದ ಕಲ್ಲು. ಅದರಲ್ಲಿ ತೈಲವಿದೆ ಎಂದರೆ ಊರಿನ ಕತ್ತೆಯೂ ನಗುತ್ತದೆ. ಪುಡಿ ಮಾಡಿ ಒಲೆಗೆ ಹಾಕಿದ. ಪರದೆಯ ಮೇಲೆ ಗೆರೆ ಮಲಗಿಕೊಂಡೇ ಇತ್ತು. 'ಅಯೋಗ್ಯ' ಎಂದು ಬರಹ ಮೂಡಿತು. ಉಳಿದ ಚೂರಿಗೆ ಅವ್ವನ ಎಣ್ಣೆ ಗಿಂಡಿಯಿಂದ ಎರಡು ಹನಿ ಬಿಟ್ಟು, ಚೆನ್ನಾಗಿ ತಿಕ್ಕಿ, ಮತ್ತೆ ಪುಡಿ ಮಾಡಿ ಹಾಕಿದ. ಗೆರೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಎದ್ದು, ಪರದೆಯ ನೆತ್ತಿಗೆ ಹೋಯಿತು. 'ಅತ್ಯುತ್ತಮ ಮೂಲಶಿಲೆ. ಪರಿಪಾಕಕ್ಕೆ ಶಿಫಾರಸು ಮಾಡಲಾಗಿದೆ.'

ಶಂಕ್ರಮ್ಮ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. "ಹಂಗಿದ್ರ ನನ್ನ ವಗ್ಗರಣಿ ಬಟ್ಟಲಾನೂ ಪಾಸೇ ಆತಲ್ಲ! ಅದರ ಕೆಳಗೂ ಒಂದು ಗೂಟ ಬಡಿಸ್ರಿ."

ಚಂದ್ರಶಾ ನಗಲಿಲ್ಲ. ಗೋಡೆಯ ಮೇಲಿನ ಉಳಿ ತೆಗೆದುಕೊಂಡ. ವರ್ಷದಿಂದ ಮುಟ್ಟಿರಲಿಲ್ಲ ಅದನ್ನು. ಅಕ್ಕ ತಂದ ಕೋರುಗಳಲ್ಲಿ ತನಗೆ ಬೇಕಾದದ್ದನ್ನು ಆರಿಸಿ, ನೆಲದ ಮೇಲೆ ನಿಲ್ಲಿಸಿ, ಒಂದೇ ಏಟು ಹಾಕಿದ. ಕಲ್ಲು ಪದರದುದ್ದಕ್ಕೂ ಸೀಳಿ ಎರಡಾಯಿತು. ಎಣ್ಣೆ ಇಳಿದಿರುವ ಅಂಚು ಬಣ್ಣದಲ್ಲೇ ಕಾಣುತ್ತಿತ್ತು. ಅದನ್ನು ಬಿಟ್ಟು ನಡುವಿನ ತಿರುಳನ್ನು ಉಳಿಯ ಮೊನೆಯಿಂದ ತೆಗೆದ. ಒಲೆಗೆ ಹಾಕಿ, ಪರದೆಯ ಮುಂದೆ ಮಂಡಿಯೂರಿ ಕೂತ.

ಗೆರೆ ಮೇಲೇಳಲಿಲ್ಲ. ಇನ್ನೊಂದು ಕೋರ್ ಒಡೆದ. ಅದೂ ಏಳಲಿಲ್ಲ. ಎಲ್ಲಕ್ಕಿಂತ ಆಳದ್ದು ಯಾವುದೆಂದು ಅಕ್ಕನನ್ನು ಕೇಳಿ ಅದನ್ನೂ ಒಡೆದ. ಒಂದು ದಿಬ್ಬ ಎದ್ದರೆ ಸಾಕಿತ್ತು ಅವನಿಗೆ, ಸಣ್ಣದಾದರೂ ಸರಿ. ಜಗದೇವಿಗೂ ಆ ಗಳಿಗೆಯಲ್ಲಿ, ತನ್ನ ಶಾಸ್ತ್ರ ಸುಳ್ಳಾದರೂ ಆಗಲಿ, ಒಂದು ದಿಬ್ಬ ಏಳಲಿ ಎನಿಸಿತು. ಗೆರೆ ಮಲಗಿದ್ದಲ್ಲೇ ಮಲಗಿತ್ತು.

"ಇಡೀ ಊರು ನನ್ನ ಮಾರಿ ನೋಡ್ಲತ್ತದ ಅಕ್ಕಾ," ಎಂದ ಚಂದ್ರಶಾ. "ಎಲ್ಲರ ಮನ್ಯಾಗೂ ಒಬ್ಬೊಬ್ಬರಿಗಿ ಕೆಲಸ ಅಂದಾರ. ಸೋಮವಾರ ನಾನು ಬ್ಯಾಡ ಅಂದ್ರ ಓಣ್ಯಾಗ ಹ್ಯಾಂಗ ತಿರುಗ್ಲಿ? ನಿನಗೇನು, ನೀ ಕಲಬುರಗಿಗಿ ಹೋಗ್ತಿ."

"ನಾನೂ ನಿನ್ನ ಸಂಗಾಟ ನಿಲ್ತೀನಿ," ಎಂದಳು ಜಗದೇವಿ.

"ನಿಲ್ಲೋದು ಬ್ಯಾಡ. ಹೂಂ ಅನ್ನಬೇಕಾದವ ನಾನು, ನೀ ಅಲ್ಲ." ಅವನು ಉಳಿಯನ್ನು ಕೆಳಗಿಟ್ಟು ಹೊರಗೆ ಹೋದ.

ಶಂಕ್ರಮ್ಮ ಮಗಳ ಪಕ್ಕದಲ್ಲಿ ಬಂದು ಕೂತಳು. "ಒತ್ತಾಯ ಮಾಡಬ್ಯಾಡವ್ವ," ಎಂದಳು. "ಅಂವಾ ಸಣ್ಣಾಂವಿದ್ದಾಗಿಂದ ಕಲ್ಲು ಒಡ್ಯಾಂವ. ಕಲ್ಲು ಹೇಳಿದ್ದು ಅಂವಗ ತಿಳೀತದ. ತಿಳಿದ ಮ್ಯಾಲ ಏನು ಮಾಡ್ತಾನೋ, ಅದು ಅಂವಂದು." ಜಗದೇವಿ ಅವ್ವನ ಭುಜಕ್ಕೆ ತಲೆಯಿಟ್ಟಳು. ಪ್ರಯೋಗಾಲಯದಲ್ಲಿ ಅವಳನ್ನು ಕಂಡರೆ ಹೆದರುವವರು ಆ ನೋಟ ಕಂಡಿದ್ದರೆ ನಂಬುತ್ತಿರಲಿಲ್ಲ.

ಭಾನುವಾರ ಚಂದ್ರಶಾ ಬೋಳೆವಾಡಕ್ಕೆ ಹೋಗಿ ಬಂದನೆಂದು ಆಮೇಲೆ ತಿಳಿಯಿತು. ಅಲ್ಲಿಯ ನಿರ್ವಾಹಕನ ಮನೆಯಲ್ಲಿ ಕೂತು ಆರಿಸಿದ ನೀರು ಕುಡಿದು, "ತೈಲ ಬರಲಿಲ್ಲ ಅಂದಿದ್ರ ಏನು ಮಾಡ್ತಿದ್ರಿ?" ಎಂದು ಕೇಳಿದನಂತೆ. ಆ ಮನುಷ್ಯ ತನ್ನ ಮನೆಯ ನೆಲ ನೋಡುತ್ತಾ, "ಹಂಗ ಕೇಳಬ್ಯಾಡೋ ಮಾರಾಯ," ಎಂದನಂತೆ.

ಸೋಮವಾರ ಕಂಟ್ರೋಲ್ ರೂಮಿನ ಹೊರಗೆ ಶಾಮಿಯಾನ, ಖುರ್ಚಿ, ಹೂವಿನ ಹಾರ. ಊರಿಗೆ ಊರೇ ಬಂದಿತ್ತು. ಮಂತ್ರಿಗಳು ಭಾಷಣ ಮುಗಿಸಿ ಬೆವರು ಒರೆಸಿಕೊಂಡರು. ಒಳಗೆ ಗಾಜಿನ ಗೋಡೆಯ ಈಚೆ ಜಗದೇವಿ ಮತ್ತು ಶ್ರೀಕಂಠಸ್ವಾಮಿ. ಆಚೆ ಇದ್ದವನು ಚಂದ್ರಶಾ ಒಬ್ಬನೇ. ನೀಲಿ ಅಂಗಿಗೆ ಇಸ್ತ್ರಿ ಹಾಕಿದ್ದ, ತಲೆಗೆ ನೀರು ಹಚ್ಚಿ ಬಾಚಿದ್ದ. ಮೊದಲ ದಿನದ ಕೆಲಸಕ್ಕೆ ಹೋಗುವವರು ಹೇಗೆ ಹೋಗುತ್ತಾರೋ ಹಾಗೆ ಹೋಗಿ ಖುರ್ಚಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತ. ಗೋಡೆಯ ಪರದೆಯ ಮೇಲೆ ನೆಲದೊಳಗಿನ ಗೂಟಗಳೆಲ್ಲ ಬೂದು ಚುಕ್ಕೆಗಳಾಗಿ ಕಾಣುತ್ತಿದ್ದವು.

ಅವನು ಅಕ್ಕನ ಕಡೆ ನೋಡಲಿಲ್ಲ. ಜಗದೇವಿ ಅವನಿಂದ ಕಣ್ಣು ಕೀಳಲಿಲ್ಲ. ತಾನು ಹೇಳಿದ್ದು ಸತ್ಯ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆ ಸತ್ಯದ ಭಾರವನ್ನು ತಮ್ಮನ ಹೆಗಲ ಮೇಲೆ ಇಟ್ಟದ್ದು ಮಾತ್ರ ಅವಳನ್ನು ಕಾಡುತ್ತಿತ್ತು.

ಯಂತ್ರ ಶುದ್ಧ ಗ್ರಂಥದ ಕನ್ನಡದಲ್ಲಿ ಕೇಳಿತು: "ಕರಿಪರಸಿಯ ನಿರ್ವಾಹಕರೇ, ಭಟ್ಟಿಯನ್ನು ಹೊತ್ತಿಸಬಹುದೇ?"

ಚಂದ್ರಶಾ ಗಂಟಲು ಸರಿಮಾಡಿಕೊಂಡ. ಹೊರಗೆ ಬ್ಯಾಂಡಿನವರು ತುತ್ತೂರಿಗೆ ಬಾಯಿ ಹಚ್ಚಿ ಕಾದಿದ್ದರು.

"ಬ್ಯಾಡ," ಎಂದ.

ಯಂತ್ರಕ್ಕೆ ಈ ಉತ್ತರದ ಅಭ್ಯಾಸವಿರಲಿಲ್ಲ, ಆದರೂ ಕೇಳಿತು: "ಕಾರಣ ತಿಳಿಸಿರಿ."

"ಒಳಗ ಏನಿಲ್ಲ. ನಾನೇ ಒಡೆದು ನೋಡೀನಿ."

"ಕಾರಣ ದಾಖಲಾಗಿದೆ. ಭಟ್ಟಿ ರದ್ದಾಗಿದೆ. ನಿರ್ವಾಹಕರ ಹುದ್ದೆ ಈ ಕ್ಷಣದಿಂದ ಕೊನೆಗೊಂಡಿದೆ. ವಂದನೆಗಳು."

ಪರದೆಯ ಮೇಲಿನ ಬೂದು ಚುಕ್ಕೆಗಳು ಒಂದೊಂದಾಗಿ ಆರಿದವು. ಶ್ರೀಕಂಠಸ್ವಾಮಿ ಕನ್ನಡಕ ತೆಗೆದು ಒರೆಸತೊಡಗಿದರು. ಜಗದೇವಿ ಗಾಜಿನ ಬಾಗಿಲು ತೆರೆದು ಒಳಗೆ ಹೋಗುವಷ್ಟರಲ್ಲಿ ಚಂದ್ರಶಾ ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗಿದ್ದ.

ಹೊರಗೆ ಸುದ್ದಿ ಅವನಿಗಿಂತ ಮೊದಲೇ ಮುಟ್ಟಿತ್ತು. ಯಾರೋ ಬಯ್ದರು, ಯಾರೋ ಖುರ್ಚಿ ಒದ್ದರು, ಬಹಳ ಮಂದಿ ಏನೂ ತೋಚದೆ ನಿಂತಿದ್ದರು. ಚಂದ್ರಶಾ ಆ ಗುಂಪಿನ ನಡುವಿನಿಂದಲೇ ನಡೆದ. ತಲೆ ತಗ್ಗಿಸಲಿಲ್ಲ. ದಾರಿ ಬಿಡದವರ ಮುಂದೆ ನಿಂತು, ಅವರು ಬಿಡುವವರೆಗೂ ಕಾದು, ಮುಂದಕ್ಕೆ ಹೋದ. ಜಗದೇವಿ ಅವನ ಹಿಂದೆಯೇ ಹೋದಳು. ಅವಳಿಗೂ ಬಯ್ಗುಳದಲ್ಲಿ ಸಮಪಾಲು ಸಿಕ್ಕಿತು.

ಶಾಮಿಯಾನದ ಕೊನೆಯಲ್ಲಿ ಶಂಕ್ರಮ್ಮ ನಿಂತಿದ್ದಳು. ಒಳಗೆ ಏನಾಯಿತೆಂಬುದು ಅವಳ ಕಿವಿಗೆ ಇನ್ನೂ ಬಿದ್ದಿರಲಿಲ್ಲ. ಬಿದ್ದಿತ್ತೋ ಏನೋ, ಮಗನ ಬಾಯಿಂದ ಕೇಳಬೇಕೆಂದಿದ್ದಳು.

"ಏನಪಾ, ಇಷ್ಟು ಲಗೂನ ಬಂದಿ? ಡ್ಯೂಟಿ ಮುಗೀತೇನು?"

"ಮುಗೀತವ್ವಾ," ಎಂದ ಚಂದ್ರಶಾ. "ಇದ್ದದ್ದೇ ಅಷ್ಟು ಕೆಲಸ. ಮಾಡಿ ಬಂದೀನಿ."